ಗುಬ್ಬಿ ಮರಿಗಳ ಕೂಗು ಮೂರನೇ ವರ್ಷಕ್ಕೆ ಸಿಕ್ಕಿತು

"ಗೂಡಿನೊಳಗೆ ಮೈಕ್ ಇಟ್ಟರೆ ಗುಬ್ಬಿ ಗೂಡು ಬಿಟ್ಟೇ ಹೋಗ್ತದೆ" ಅಂದವರೇ ಜಾಸ್ತಿ. ಮೊದಲ ವರ್ಷ ಹಾಗೇ ಆಯಿತು. ಮೊಟ್ಟೆ ಇಟ್ಟ ಮೇಲೆ ಗೂಡಿನ ಪೆಟ್ಟಿಗೆ ತೆರೆದು ಮೈಕ್ ತೂರಿಸಿದ್ದೆ. ಎರಡೇ ದಿನಕ್ಕೆ ಜೋಡಿ ನಾಪತ್ತೆ, ನಾಲ್ಕು ಮೊಟ್ಟೆ ಹಾಳು. ಆ ಬೇಸರ ಇವತ್ತಿಗೂ ಹೋಗಿಲ್ಲ. ಮರುವರ್ಷ ಮರಿಗಳ ಕೂಗನ್ನು ಹೊರಗಿನಿಂದಲೇ ಹಿಡಿಯೋಣ ಅಂತ ಸುಮಾರು 4,500 ರೂಪಾಯಿ ಕೊಟ್ಟು ರೆಕಾರ್ಡರ್ ತಂದೆ. ಸಿಕ್ಕಿದ್ದು ಗಾಳಿ, ಬೈಕು, ಪಕ್ಕದ ಮನೆ ಮಿಕ್ಸಿ. ಮಳೆಗೆ ನೆನೆದು ಅದೂ ಕೆಟ್ಟಿತು.

ಈ ಸಲ ಜನವರಿಯಲ್ಲೇ, ಅವು ಹುಲ್ಲು ತರುವ ಮೊದಲೇ, ಮುಚ್ಚಳದ ಕೆಳಗೆ ಇನ್ನೊಂದು ತೆಳು ಹಲಗೆ ಕೂರಿಸಿ ನಡುವೆ 300 ರೂಪಾಯಿಯ ಕಾಲರ್ ಮೈಕ್ ಇಟ್ಟೆ. ವೈರು ಹಿಂದಿನಿಂದ ಜಗಲಿಗೆ. ಇರುವೆ ಹತ್ತದ ಹಾಗೆ ಏನು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಮಾರ್ಚ್‌ನಲ್ಲಿ ಮೂರು ಮರಿ! ಬೇಡ ಅಂದವರೆಲ್ಲ ಈಗ ಬಂದು ಕೇಳಿ ಹೋಗಿದ್ದಾರೆ.

ಮೊದಮೊದಲು ಇಯರ್‌ಫೋನ್ ಹಾಕದೆ ಕೇಳಿಸದಷ್ಟು ಸಣ್ಣ ದನಿ. ವಾರ ಕಳೆದರೆ ಜಗಲಿಯಲ್ಲಿ ಕೂತವರಿಗೂ ಕೇಳುತ್ತದೆ. ಅಪ್ಪ ಗುಬ್ಬಿ ತೂತಿಗೆ ಬಂದ ಕೂಡಲೇ ಮೂರೂ ಶುರು. ಹುಳ ಸಿಕ್ಕಿದ್ದು ತಟ್ಟನೆ ಸುಮ್ಮನಾಗುತ್ತದೆ, ಉಳಿದೆರಡು ಇನ್ನೊಂದಿಷ್ಟು ಹೊತ್ತು ಚೀರುತ್ತವೆ. ತಿನಿಸು ತಡವಾದಷ್ಟೂ ಕೂಗು ಗಟ್ಟಿ, ಒತ್ತೊತ್ತು. ಒಂದು ಮಧ್ಯಾಹ್ನ ಹೆಂಚಿನ ಮೇಲೆ ಬೆಕ್ಕು ಬಂತು. ಹೊರಗೆ ಅಮ್ಮ ಗುಬ್ಬಿ ಚರ್ರ್ ಅಂದದ್ದೇ ತಡ, ಒಳಗೆ ಪೂರ್ತಿ ಮೌನ. ನಾಲ್ಕು ನಿಮಿಷ ಹುಲ್ಲು ಸರಿದ ಸದ್ದೂ ಇಲ್ಲ.

ನಡುವೆ ಇನ್ನೊಂದು ನೋಡಿದೆ. ಎರಡನೇ ದಿನ, ಕಣ್ಣು ಬಿಡುವ ಮೊದಲು, ಪೆಟ್ಟಿಗೆಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೂ ಸಾಕು, ಅಮ್ಮನೇ ಬಂದಳು ಅಂತ ಕೂಗು. ಹತ್ತನೇ ದಿನ ಹಾಗೇ ತಟ್ಟಿದರೆ ಗಪ್‌ಚುಪ್. ಕಣ್ಣು ಬಿಡದ ಮರಿ ಗೂಡು ಅಲುಗಿದರೆ ಸಾಕು ಬಾಯಿ ತೆರೆಯುತ್ತದೆ ಅಂತ ಪ್ರಾಣಿ-ಪಕ್ಷಿಗಳ ನಡವಳಿಕೆ ಅಭ್ಯಾಸ ಮಾಡಿದ ವಿಜ್ಞಾನಿ ಟಿನ್‌ಬರ್ಗನ್ ಬೇರೆ ಹಕ್ಕಿಗಳಲ್ಲಿ 1939ರಲ್ಲೇ ತೋರಿಸಿದ್ದರು, ಕಿವಿಯಾರೆ ಕೇಳುವ ಖುಷಿಯೇ ಬೇರೆ ಅಲ್ವಾ.

ಅವುಗಳದೇ ಕೂಗನ್ನು ಪುಟ್ಟ ಸ್ಪೀಕರ್‌ನಲ್ಲಿ ಹಾಕಿಯೂ ನೋಡಿದೆ. ಗಂಟೆಗೆ ಹನ್ನೆರಡು ಸಲ ಬರುತ್ತಿದ್ದ ಜೋಡಿ ಹದಿನೆಂಟು-ಇಪ್ಪತ್ತರ ಲೆಕ್ಕದಲ್ಲಿ ಓಡಾಡತೊಡಗಿತು. ಅರ್ಧ ಗಂಟೆಗೇ ನಿಲ್ಲಿಸಿದೆ. ಸುಮ್ನೆ ಅವನ್ನು ದಣಿಸುವುದು ತಪ್ಪು, ನೀವೂ ಮಾಡಬೇಡಿ.

ಹದಿನೈದನೇ ದಿನ ಬೆಳಿಗ್ಗೆ ಇಯರ್‌ಫೋನ್‌ನಲ್ಲಿ ಏನೂ ಇಲ್ಲ. ಎದೆ ಧಸಕ್ಕೆಂದಿತು. ಹೊರಗೆ ಬಂದರೆ ಅದೇ ಕೂಗು ದಾಸವಾಳದ ಬೇಲಿಯಿಂದ ಬರುತ್ತಿತ್ತು. ಮೂರೂ ರೆಕ್ಕೆ ನಡುಗಿಸುತ್ತ ಅಪ್ಪನ ಹಿಂದೆ ಬಿದ್ದಿದ್ದವು.