ಹಳೆಯ ಇಂಗ್ಲಿಷ್ ನೀತಿಪದ್ಯಗಳನ್ನು ಮತ್ತೆ ಅಚ್ಚು ಹಾಕುವುದು ಹೇಗೆ?

ಹದಿನೇಳನೇ ಶತಮಾನದ ಇಂಗ್ಲಿಷ್ ಲೇಖಕ ಜಾನ್ ಬನ್ಯನ್ ಅಂದ ಕೂಡಲೇ ನೆನಪಾಗುವುದು ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’, ಮಿಷನರಿಗಳ ಕಾಲದಲ್ಲೇ ಕನ್ನಡಕ್ಕೆ ‘ಯಾತ್ರಿಕನ ಸಂಚಾರ’ವಾಗಿ ಬಂದದ್ದು. ಅದೇ ಬನ್ಯನ್ ಸಾಯುವ ಎರಡು ವರ್ಷ ಮೊದಲು, 1686ರಲ್ಲಿ, ‘ಎ ಬುಕ್ ಫಾರ್ ಬಾಯ್ಸ್ ಅಂಡ್ ಗರ್ಲ್ಸ್’ ಎಂಬ ಪದ್ಯಗಳ ಪುಸ್ತಕ ತಂದ. ಮೊಟ್ಟೆ, ಕಪ್ಪೆ, ಬಸವನಹುಳು, ಹೀಗೆ ಮಕ್ಕಳು ದಿನಾ ನೋಡುವುದನ್ನೇ ಹಿಡಿದು ನೀತಿ ಹೇಳುವ 74 ಪದ್ಯಗಳು. ನನಗೆ ತುಂಬಾ ಇಷ್ಟದ ಪುಸ್ತಕ. ಇಂಥದ್ದನ್ನು ಇವತ್ತಿನ ಓದುಗರ ಕೈಗೆ ಕೊಡಬೇಕೆಂದರೆ ಸುಮ್ನೆ ಸ್ಕ್ಯಾನ್ ಮಾಡಿ ಪ್ರೆಸ್ಸಿಗೆ ಕಳಿಸಿದರೆ ಸಾಲದು.

ಮೊದಲ ಕೆಲಸ, ಯಾವ ಪ್ರತಿಯನ್ನು ಅಚ್ಚು ಹಾಕುತ್ತೀರಿ ಎಂದು ತೀರ್ಮಾನಿಸುವುದು. ಸುಲಭವಾಗಿ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಡಿ. ಬನ್ಯನ್ ತೀರಿಕೊಂಡ ಮೇಲೆ ಬಂದ ಮುದ್ರಣಗಳಲ್ಲಿ ಪದ್ಯಗಳು 49ಕ್ಕೆ ಇಳಿದವು, ಮಕ್ಕಳಿಗೆ ಅಕ್ಷರ ಕಲಿಸಲು ಅವನೇ ಸೇರಿಸಿದ್ದ ಪುಟಗಳೂ ಹೋದವು, 1724ರಲ್ಲಿ ಹೆಸರೇ ‘ಡಿವೈನ್ ಎಂಬ್ಲೆಮ್ಸ್’ ಎಂದಾಯಿತು. ಎಷ್ಟೋ ತಲೆಮಾರು ಓದಿದ್ದು ಈ ಕತ್ತರಿಸಿದ ಪುಸ್ತಕವನ್ನೇ. 1889ರ ಸುಮಾರಿಗೆ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಮೊದಲ ಮುದ್ರಣದ ಪ್ರತಿಯಿಂದ ಪಡಿಯಚ್ಚು ತೆಗೆದಾಗಲೇ ಪೂರ್ತಿ ಪುಸ್ತಕ ಮತ್ತೆ ಕಂಡದ್ದು. ಯಾವ ಪ್ರತಿ ಯಾವ ಗ್ರಂಥಾಲಯದಲ್ಲಿದೆ ಎಂದು ಹುಡುಕಲು ಇಎಸ್‌ಟಿಸಿ ಎಂಬ ಆನ್‌ಲೈನ್ ಪಟ್ಟಿ ಇದೆ, 1801ಕ್ಕಿಂತ ಮೊದಲಿನ ಪುಸ್ತಕಗಳಿಗೆ.

ಪದ್ಯಗಳಿಗೆ ಈಗ ಯಾರ ಹಕ್ಕೂ ಇಲ್ಲ. ಆದರೆ ಗ್ರಂಥಾಲಯ ತೆಗೆದ ಫೋಟೊ ಬಳಸಲು, ಈಚಿನವರು ಬರೆದ ಟಿಪ್ಪಣಿ ಸೇರಿಸಲು ಅನುಮತಿ ಬೇಕಾಗಬಹುದು. ಪತ್ರ ಬರೆದು ಕೇಳಿಬಿಡಿ.

ಆಮೇಲೆ ಟೈಪಿಂಗ್. ಇಲ್ಲೇ ಜಾಸ್ತಿ ಎಡವುವುದು. ಆ ಕಾಲದ ಅಚ್ಚಿನಲ್ಲಿ ಪದದ ಮೊದಲಲ್ಲಿ, ನಡುವೆ ಬರುವ ‘ಎಸ್’ ಅಕ್ಷರ ಉದ್ದಕ್ಕೆ ನಿಂತಿರುತ್ತದೆ, ನೋಡಲು ಥೇಟ್ ‘ಎಫ್’. ವ್ಯತ್ಯಾಸ ಇಷ್ಟೇ: ‘ಎಫ್’ಗೆ ಅಡ್ಡಗೆರೆ ಎರಡೂ ಕಡೆ ಚಾಚಿರುತ್ತದೆ, ಉದ್ದ ‘ಎಸ್’ಗೆ ಎಡಗಡೆ ಮಾತ್ರ ಒಂದು ಸಣ್ಣ ಮೊನೆ, ಕೆಲವು ಅಚ್ಚುಮೊಳೆಗಳಲ್ಲಿ ಅದೂ ಇಲ್ಲ. ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ಓಸಿಆರ್ ಸಾಫ್ಟ್‌ವೇರ್‌ಗೆ ಬಿಟ್ಟರೆ ‘ಸೋಲ್’ ಹೋಗಿ ‘ಫೌಲ್’ ಆಗುತ್ತದೆ, ಅಂದರೆ ಆತ್ಮ ಹೋಗಿ ಹೊಲಸು. ‘ವೈಸ್’ ಹೋಗಿ ‘ವೈಫ್’, ಬುದ್ಧಿವಂತನ ಜಾಗದಲ್ಲಿ ಹೆಂಡತಿ! ನೀತಿಪದ್ಯದಲ್ಲಿ ಇಂಥ ಒಂದು ತಪ್ಪು ಉಳಿದರೂ ಇಡೀ ಸಾಲು ಕೆಟ್ಟಿತು. ಸ್ಪೆಲ್‌ಚೆಕ್ ಇದನ್ನು ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ ಅಲ್ವಾ? ಇಇಬಿಒ-ಟಿಸಿಪಿ ಯೋಜನೆಯವರು 2015ರಲ್ಲಿ ಇಂಥ ಸುಮಾರು 25,000 ಹಳೆಯ ಪುಸ್ತಕಗಳ ಟೈಪ್ ಮಾಡಿದ ಪಠ್ಯವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ನಿಮ್ಮದು ಅಲ್ಲಿದ್ದರೆ ಅರ್ಧ ಕೆಲಸ ಉಳಿಯಿತು, ಆದರೂ ಮೂಲದ ಚಿತ್ರ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡಿ.

ಕಾಗುಣಿತ ಹಳೆಯದನ್ನೇ ಇಡಬೇಕೋ, ಹೊಸದು ಮಾಡಬೇಕೋ? ಸಾಮಾನ್ಯ ಓದುಗರಿಗಾದರೆ ಹೊಸದೇ ಸರಿ ಎನ್ನುವವಳು ನಾನು. ಆದರೆ ಪದ್ಯದ ನಡೆಗೆ ಕೈ ಹಾಕಬೇಡಿ. ‘ವಾಕ್ಡ್’ ಎಂಬಲ್ಲಿ ‘ಇ’ ತೆಗೆದು ಅಪಾಸ್ಟ್ರಫಿ ಹಾಕಿದ್ದರೆ ಅದನ್ನು ಒಂದೇ ಉಸಿರಿನಲ್ಲಿ ಓದಿ ಎಂದರ್ಥ. ಇನ್ನೊಂದು ಕಡೆ ಅದೇ ಪದವನ್ನು ‘ವಾಕೆಡ್’ ಎಂದು ಎರಡಾಗಿ ಬಿಡಿಸಿ ಓದಬೇಕಾಗಿದ್ದರೆ ಕೊನೆಯ ‘ಇ’ ಮೇಲೆ ಒಂದು ಗುರುತು ಹಾಕಿ. ಇಲ್ಲದಿದ್ದರೆ ಲಯ ಮುಗ್ಗರಿಸುತ್ತದೆ.

ಅರ್ಥ ಬದಲಾದ ಪದಗಳಿಗೆ ಅದೇ ಪುಟದ ಕೆಳಗೆ ಟಿಪ್ಪಣಿ ಕೊಡಿ, ಪುಸ್ತಕದ ಕೊನೆಗೆ ತಳ್ಳಬೇಡಿ. ‘ವಾಂಟ್’ ಎಂದರೆ ಆಗ ಹೆಚ್ಚಾಗಿ ಬೇಕು ಎಂದಲ್ಲ, ಇಲ್ಲ, ಕೊರತೆ ಎಂದು. ಸುಲಭ ಅನ್ನಿಸುವ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ. ಮಕ್ಕಳಿಗೆ ಪಾಪ, ಸಾವು ಅಂತೆಲ್ಲ ಹೇಳುವ ಸಾಲು ಬಂದರೆ ಇವತ್ತಿನವರಿಗೆ ಕಸಿವಿಸಿಯಾಗಬಹುದು. ಹಾಗೆಂದು ಕತ್ತರಿ ಹಾಕಬೇಡಿ, ಮುನ್ನುಡಿಯಲ್ಲಿ ಆ ಕಾಲ ಹೇಗಿತ್ತು ಎಂದು ವಿವರಿಸಿ.

ಕರಡು ತಿದ್ದಲು ಇಬ್ಬರು ಬೇಕು. ಒಬ್ಬರು ಮೂಲ ನೋಡುತ್ತಾ ಅಲ್ಪವಿರಾಮವನ್ನೂ ಬಿಡದೆ ಜೋರಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ಹಿಡಿದು ಕೂರಬೇಕು. ದಿನಕ್ಕೆ ಹತ್ತು ಪುಟ ಸಾಕು, ಆಮೇಲೆ ಕಣ್ಣು ಮೋಸ ಮಾಡುತ್ತದೆ. ಮೂಲದಲ್ಲೇ ಅಚ್ಚಿನ ತಪ್ಪಿದ್ದರೆ ತಿದ್ದಿ, ಆದರೆ ತಿದ್ದಿದ್ದರ ಒಂದು ಪಟ್ಟಿಯನ್ನು ಕೊನೆಯ ಪುಟದಲ್ಲಿ ಹಾಕಿ, ಯಾವ ಗ್ರಂಥಾಲಯದ ಯಾವ ಪ್ರತಿಯಿಂದ ತೆಗೆದದ್ದು ಎಂಬುದನ್ನೂ ಅಲ್ಲೇ ಬರೆಯಿರಿ.