ಹಳೆ ನಕ್ಷೆಯಲ್ಲಿ ಸಿಕ್ಕ ನಮ್ಮ ಬೀದಿಯ ಹಳ್ಳ

2022ರ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ವಾಣಿವಿಲಾಸ ಸಾಗರ 1933ರ ಮೇಲೆ ಮೊದಲ ಸಲ ಕೋಡಿ ಬಿತ್ತು. ಊರೂರಿನಿಂದ ಜನ ಹಿರಿಯೂರಿನ ಕಡೆ ಹೊರಟರು. ನನಗೆ ಹೋಗಲು ಆಗಲಿಲ್ಲ. ಚಿತ್ರದುರ್ಗದ ನಮ್ಮ ಬಡಾವಣೆಯಲ್ಲಿ ಮನೆಯೊಳಗೇ ಮೊಣಕಾಲುದ್ದ ನೀರು. ಹತ್ತಿರದಲ್ಲಿ ಕೆರೆ ಇಲ್ಲ, ಹಳ್ಳ ಇಲ್ಲ. ಮತ್ತೆ ಈ ನೀರು ಬಂದದ್ದೆಲ್ಲಿಂದ? ಅದನ್ನು ತಿಳಿಯಲೆಂದೇ ಹಳೆ ನಕ್ಷೆಗಳ ಬೆನ್ನು ಹತ್ತಿದೆ.

ಮೊದಲು ಬೇಕಾದದ್ದು ಹಾಳೆಯ ನಂಬರ್. ದೇಶದ ನಕ್ಷೆಯನ್ನು ಹಾಳೆ ಹಾಳೆಯಾಗಿ ಮಾಡುವ ಸರ್ಕಾರಿ ಇಲಾಖೆ ಸರ್ವೆ ಆಫ್ ಇಂಡಿಯಾ. ಅದರ ಹಳೆ ಲೆಕ್ಕದಲ್ಲಿ ಚಿತ್ರದುರ್ಗ ಪೇಟೆ 57ಬಿ/8ರಲ್ಲಿ ಬರುತ್ತದೆ. ಆದರೆ ಊರು ಆ ಹಾಳೆಯ ಮೇಲಂಚಿಗೇ ಅಂಟಿಕೊಂಡಿದೆ. ಎರಡು ಮೂರು ಕಿಲೋಮೀಟರ್ ಉತ್ತರಕ್ಕೆ ಹೋದರೆ ಹಾಳೆಯೇ ಮುಗಿಯುತ್ತದೆ. ಹಾಗಾಗಿ 57ಬಿ/7 ಕೂಡ ಬೇಕು. ದಾವಣಗೆರೆಯವರಾದರೆ 48ಎನ್/15 ಹುಡುಕಿ. ಈಗಿನ 1:50,000ರ, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರಿನ ಹಾಳೆಗಳು ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲೇ ಸಿಗುತ್ತವೆ, ಆದರೆ ಅವುಗಳ ನಂಬರ್ ಪದ್ಧತಿ ಬೇರೆ. ಅಮೆರಿಕದ ಸೈನ್ಯ 1950ರ ದಶಕದಲ್ಲಿ ಮಾಡಿದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯ ಪುಕ್ಕಟೆ ಇಟ್ಟಿದೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ಎರಡೂವರೆ ಕಿಲೋಮೀಟರ್. ಒಂದು ಬೀದಿ ಹುಡುಕುವವರಿಗೆ ಅದು ಸಾಲದು.

ನನ್ನ ಕೆಲಸಕ್ಕೆ ಬಂದದ್ದು ಒಂದು ಇಂಚಿಗೆ ಒಂದು ಮೈಲಿಯ ಹಳೆ ಹಾಳೆ. ಪರಿಚಯದ ನಿವೃತ್ತ ಭೂಗೋಳ ಮೇಷ್ಟರೊಬ್ಬರು ಅದನ್ನು ಬಟ್ಟೆಗೆ ಅಂಟಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಊರಿನ ಹೆಸರು ಚಿತಲ್‌ದ್ರೂಗ್ ಅಂತ ಇತ್ತು. ಇಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಓದಬೇಡಿ, ಜೋರಾಗಿ ನಮ್ಮ ಬಾಯಲ್ಲಿ ಹೇಳಿ ನೋಡಿ. ಆಗ ಒಳಗಿನ ಹಟ್ಟಿ, ಕಟ್ಟೆ, ಹಳ್ಳ ಹೊರಗೆ ಬರುತ್ತವೆ.

ಹಾಳೆಯನ್ನು ಗಾಜಿನ ಕೆಳಗೆ ಒತ್ತಿ ಫೋಟೋ ತೆಗೆದೆ. ಮಡಿಕೆ ಇದ್ದರೆ ಅಳತೆಯೆಲ್ಲ ತಪ್ಪುತ್ತದೆ. ಆಮೇಲೆ ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಮೊದಲ ಸಲ ಪೂರ್ತಿ ಕೆಟ್ಟಿತು. ರಸ್ತೆ ಕೂಡುವ ಜಾಗಗಳನ್ನು ಗುರುತಿಗೆ ಇಟ್ಟುಕೊಂಡಿದ್ದೆ, ಆ ರಸ್ತೆಗಳೇ ಸರಿದಿದ್ದವು. ಎರಡನೇ ಸಲ ಅಲ್ಲಾಡದ ವಸ್ತುಗಳನ್ನೇ ಆರಿಸಿದೆ: ಬೆಟ್ಟದ ನೆತ್ತಿ, ಕೆರೆ ಏರಿಯ ತುದಿ, ಹಳೆ ದೇವಸ್ಥಾನ. ಹಾಳೆಯ ಅಂಚಿನ ಅಕ್ಷಾಂಶ ರೇಖಾಂಶಗಳನ್ನು ಹಾಗೇ ಜಿಪಿಎಸ್‌ಗೆ ಹಾಕಿದರೂ ಸರಿಹೋಗುವುದಿಲ್ಲ. ಹಳೆ ನಕ್ಷೆಗಳನ್ನು ಬರೆದದ್ದು ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬ ಹೆಸರಿನ ಹಳೆ ಅಳತೆ ಹಿಡಿದು, ಜಿಪಿಎಸ್‌ನದು ಬೇರೆ ಅಳತೆ.

ಇನ್ನೊಂದು ತಪ್ಪು ನನ್ನ ವಾರಗಟ್ಟಲೆ ಸಮಯ ತಿಂದಿತು. ನೀರು ಅಂದರೆ ನೀಲಿ ಅಂದುಕೊಂಡಿದ್ದೆ. ಮಳೆಯಲ್ಲಷ್ಟೇ ಹರಿಯುವ ಹಳ್ಳವನ್ನು ಈ ನಕ್ಷೆಗಳಲ್ಲಿ ಕಪ್ಪು ಗೆರೆಯಲ್ಲಿ ಬರೆಯುತ್ತಾರೆ. ನಮ್ಮ ಸೀಮೆಯ ಹಳ್ಳಗಳೆಲ್ಲ ಹಾಗೇ ಅಲ್ವಾ? ಅದನ್ನು ಕಾಲುದಾರಿ ಅಂತ ದಾಟಿಕೊಂಡು ಹೋಗುತ್ತಿದ್ದೆ. ಅನುಮಾನ ಹುಟ್ಟಿಸಿದ್ದು ಎತ್ತರ ತೋರಿಸುವ ಕಂದು ಗೆರೆಗಳು. ಅವು ಬಾಗಿ ಬೆಟ್ಟದ ಕಡೆ ಮೂತಿ ಮಾಡಿದ್ದರೆ ಅಲ್ಲಿ ತಗ್ಗು, ಇಳಿಜಾರಿನ ಕಡೆ ಮಾಡಿದ್ದರೆ ದಿಣ್ಣೆ. ನಾನು ಕಾಲುದಾರಿ ಅಂದುಕೊಂಡಿದ್ದ ಗೆರೆ ಪ್ರತಿ ತಗ್ಗನ್ನೂ ಹಿಡಿದು ಇಳಿಯುತ್ತಿತ್ತು. ಮನುಷ್ಯರ ದಾರಿ ಹಾಗೆ ಹೋಗುವುದಿಲ್ಲ. ಆ ಗೆರೆ ಸರಿಯಾಗಿ ನಮ್ಮ ಬೀದಿಯ ಮೇಲೇ ಬಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಕೋಟೆ ಹತ್ತಿದೆ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ ತಂಗಿ ಹೊಂಡ, ಊರಲ್ಲಿ ಸಿಹಿನೀರು ಹೊಂಡ, ಆಮೇಲೆ ಸಂತೆ ಹೊಂಡ. ಮೇಲಿನದು ತುಂಬಿದರೆ ಕೆಳಗಿನದಕ್ಕೆ. ಚಿಕ್ಕಂದಿನಿಂದ ಇವನ್ನು ಬಿಡಿಬಿಡಿಯಾಗಿ ನೋಡಿದ್ದೆ. ನಕ್ಷೆ ಕೈಯಲ್ಲಿ ಹಿಡಿದು ಇಳಿದಾಗಲೇ ಇದು ಒಂದೇ ನೀರಿನ ಮೆಟ್ಟಿಲು ಅಂತ ಕಣ್ಣಿಗೆ ಕಟ್ಟಿದ್ದು. ಒಂದೊಂದು ಹನಿಗೂ ಜಾಗ ಮಾಡಿದ ಊರಿನಲ್ಲಿ ನಾವು ಹಳ್ಳದ ಮೇಲೆ ಸೈಟು ಮಾಡಿದ್ದೇವೆ. ನನಗೆ ಬಹಳ ಸಂಕಟವಾಯಿತು.

ನಕ್ಷೆಯೊಂದನ್ನೇ ನಂಬಬಾರದು ಅಂತ ಗ್ರಾಮ ನಕ್ಷೆಯನ್ನೂ ತೆಗೆಸಿದೆ. ಅದರಲ್ಲಿ ಎರಡು ಸರ್ವೆ ನಂಬರ್‌ಗಳ ನಡುವೆ ಹಳ್ಳ ಸ್ಪಷ್ಟವಾಗಿ ಇತ್ತು. ಈಗಿನ ಸರ್ವೆ ನಂಬರ್ ನೋಡಲು ಮೊಬೈಲಿನ ದಿಶಾಂಕ್ ಆ್ಯಪ್ ಸಾಕು. ಹಳೆ ಕಂದಾಯ ಕಾಗದ ಓದುವಾಗ ‘ಬೇಚರಾಕ್ ಗ್ರಾಮ’ ಎಂಬ ಮಾತು ಸಿಗುತ್ತದೆ. ಬೇ ಚಿರಾಗ್, ದೀಪ ಹಚ್ಚುವವರಿಲ್ಲದ ಊರು. ಹೆಸರಿದೆ, ಎಲ್ಲೆ ಇದೆ, ಜನ ಇಲ್ಲ. ಅಂಥ ಹೆಸರು ಕಂಡಾಗೆಲ್ಲ ಕೈ ಸುಮ್ನೆ ನಿಂತುಬಿಡುತ್ತದೆ.

ಕೊನೆಗೆ ನಮ್ಮ ಬೀದಿಯ ತುದಿಯಲ್ಲಿ ಎಮ್ಮೆ ಸಾಕುವ ಅಜ್ಜನಿಗೆ ಹಾಳೆ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ‘ಇಲ್ಲೇ ನೋಡು, ಎಮ್ಮೆ ಮೈ ತೊಳೀತಿದ್ವಿ’ ಅಂತ ಪಕ್ಕದ ಮನೆಯ ಗೇಟಿನ ಕಡೆ ಕೈ ಮಾಡಿದರು. ಆಮೇಲೆ ನನ್ನನ್ನು ಕರೆದುಕೊಂಡು ಮುನ್ನೂರು ಹೆಜ್ಜೆ ಕೆಳಗೆ ಹೋದರು. ಪೊದೆ ಸರಿಸಿದರೆ ಮಣ್ಣು ತುಂಬಿದ ಹಳೆ ಕಲ್ಲುಚಪ್ಪಡಿಯ ಮೋರಿ. ನಕ್ಷೆಯಲ್ಲಿ ಆ ಕಪ್ಪು ಗೆರೆ ಬಂಡಿದಾರಿಯನ್ನು ದಾಟುವುದು ಅಲ್ಲೇ.