ಇಳಕಲ್ ಕಲ್ಲು ಗೋವಾ ಮಳೆಗೆ ನಿಂತಿತು: ಗಡಿಯ ನೆನಪಿನ ಕಲ್ಲು ಕೆತ್ತಿದ ನನ್ನ ಅನುಭವ

ಮೂರು ಮಳೆಗಾಲ ಕಳೆಯಿತು, ಕಲ್ಲಿನ ಒಂದು ಅಕ್ಷರವೂ ಹೋಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಯಾಕಂದ್ರೆ ವಾಸ್ಕೋದಲ್ಲಿ ನಮ್ಮ ಕಸುಬಿನವರೇ ನನಗೆ ಹೇಳಿದ್ದರು, "ಕೈಕೆತ್ತನೆ ಕೆಲಸ ಇಲ್ಲಿ ನಡೆಯಲ್ಲಣ್ಣಾ, ಸುಮ್ನೆ ದುಡ್ಡು ಹಾಳು" ಅಂತ.

ಪೊಳೆಂ ಕಡೆಯ ಹುಡುಗರು ಕೇಳಿದ್ದು ಸಣ್ಣ ಕೆಲಸ. ಗೋವಾ-ಕರ್ನಾಟಕ ಗಡಿ ಹತ್ತಿರ, ಒಬ್ಬರ ತೆಂಗಿನ ತೋಟದ ಅಂಚಿಗೆ ಒಂದು ಕಲ್ಲು. ಒಂದು ಮುಖ ಕೊಂಕಣಿ, ಇನ್ನೊಂದು ಮುಖ ಕನ್ನಡ. 1961ರಲ್ಲಿ ಗೋವಾ ಬಿಡಿಸಿಕೊಳ್ಳುವಾಗ ಪೋರ್ಚುಗೀಸರ ದಿಕ್ಕು ತಪ್ಪಿಸೋಕೆ ಕಾರವಾರದ ಮಾಜಾಳಿ ಕಡೆಯಿಂದ ನಮ್ಮ ಸೇನೆಯ ಒಂದು ತುಕಡಿ ಒಳಗೆ ಬಂತಲ್ಲ, ಅದು ಮತ್ತು ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಮಡಿದ 7 ನೌಕಾ ಯೋಧರು, ಎರಡೂ ಅದರಲ್ಲಿ ಬರಬೇಕು. ಆ ರಸ್ತೆಯಲ್ಲಿ ದಿನಾ ಎಷ್ಟು ಗಾಡಿ ಓಡುತ್ತವೆ, ಅದು ಬೇರೆ ದೇಶದ ಗಡಿ ಆಗಿತ್ತು ಅಂತ ಎಷ್ಟು ಜನಕ್ಕೆ ಗೊತ್ತು?

ಮೊದಲು ತಗಡಿನ ಬೋರ್ಡ್ ಬರೆದೆ. ಸುಮಾರು 7 ಸಾವಿರ ಆಯ್ತು. ಮೊದಲ ಮಳೆಗೇ ಬೋಲ್ಟ್ ಸುತ್ತ ತುಕ್ಕು ಇಳಿದು ಅರ್ಧ ಸಾಲು ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಎಲ್ಲರೂ ಹೇಳಿದ ಹಾಗೆ ಪಾಲಿಶ್ ಮಾಡಿದ ಕರಿ ಗ್ರಾನೈಟ್, ಅದರ ಮೇಲೆ ಲೇಸರ್. ಅಂಗಡಿಯವರು 14 ಸಾವಿರ ತಗೊಂಡರು. ನೋಡೋಕೆ ಬಹಳ ಚೆಂದ. ಆದರೆ ಲೇಸರ್ ಅಕ್ಷರಕ್ಕೆ ಆಳ ಎಲ್ಲಿದೆ, ಬರೀ ಬೂದು ಗೀರು ತಾನೇ? ಕಲ್ಲು ಒದ್ದೆಯಾದ ಕೂಡಲೇ ಅಕ್ಷರ ಮಾಯ. ನಾಲ್ಕು ತಿಂಗಳು ಒದ್ದೆ ಇರುವ ಜಾಗದಲ್ಲಿ ಅದನ್ನು ಯಾರು ಓದಬೇಕು? ಸಾಲದ್ದಕ್ಕೆ ನಾನೇ ಕಬ್ಬಿಣದ ಸರಳು ಹಾಕಿ ಕೂರಿಸಿದ್ದೆ. ಅದು ತುಕ್ಕು ಹಿಡಿದು ಉಬ್ಬಿ, ಕೆಳಗಿನ ಮೂಲೆಯನ್ನು ಸೀಳಿ ಹಾಕಿತು. ಈ ಎರಡರಲ್ಲೇ 21 ಸಾವಿರ ಹೋಯ್ತು, ಅರ್ಧಕ್ಕಿಂತ ಜಾಸ್ತಿ ನನ್ನ ಜೇಬಿನದು.

ಹಳೆ ಗೋವಾದ ಮ್ಯೂಸಿಯಂನಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ, ಹಡಗಿನ ಕಾಳಗ ಕೆತ್ತಿದವು. ಒಂದು ಭಾನುವಾರ ಅವುಗಳ ಮುಂದೆ ಅರ್ಧ ದಿನ ನಿಂತೆ. ಬಣ್ಣ ಇಲ್ಲ, ಹೊಳಪಿಲ್ಲ. ನೆರಳಿನಿಂದಲೇ ಎಲ್ಲ ಕಾಣುತ್ತದೆ. ನನಗೆ ಬೇಕಾಗಿದ್ದು ಅದೇ.

ಊರಿಂದ, ಅಂದರೆ ಇಳಕಲ್‌ನಿಂದ, ಕೆಂಪು ಗ್ರಾನೈಟ್ ತರಿಸಿದೆ. ಮೂರು ಅಡಿ, ಎರಡು ಅಡಿ. ಲಾರಿ ಬಾಡಿಗೆ ಸೇರಿ 9 ಸಾವಿರದ ಆಸುಪಾಸು. ಮುಖಕ್ಕೆ ಪಾಲಿಶ್ ಕೊಡಲಿಲ್ಲ, ಬುಶ್ ಹ್ಯಾಮರ್ (ಕಲ್ಲಿನ ಮುಖ ತರಿ ಮಾಡುವ ಹಲ್ಲಿನ ಸುತ್ತಿಗೆ) ಹೊಡೆದು ಬಿಟ್ಟೆ. ಅಕ್ಷರ ಒಂದೂವರೆ ಇಂಚು ಎತ್ತರ, ವಿ ಆಕಾರದಲ್ಲಿ 6-7 ಮಿಲಿಮೀಟರ್ ಆಳ. ಕನ್ನಡದ ಮುಖವೊಂದಕ್ಕೇ 19 ದಿನ ಹಿಡಿಯಿತು. ಗುಂಡು ಅಕ್ಷರ ಕಷ್ಟ ಅಲ್ಲ, ಕಷ್ಟ ಇರುವುದು 'ಯೋಧ'ದ 'ಧ'ದಲ್ಲಿ. ಅದರ ಕೆಳಗಿನ ಆ ಪುಟ್ಟ ಸೀಳನ್ನು ಮಾಮೂಲಿ ಚಾಣದಿಂದ ಹೊಡೆದರೆ ಪಕ್ಕದ ಕಲ್ಲು ಚಕ್ಕೆ ಎದ್ದು ಬರುತ್ತದೆ. ಚಾಣದ ತುದಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಮಸೆದು, ಸುತ್ತಿಗೆಯನ್ನು ಮಣಿಕಟ್ಟಿನಿಂದ ಮಾತ್ರ ಆಡಿಸಿದೆ. ಮೊದಲೇ ಬೇರೆ ತುಂಡಿನ ಮೇಲೆ ನಾಲ್ಕು ಸಲ ಕೆಡಿಸಿ ಕಲಿತಿದ್ದೆ. ಆ 'ಧ'ಗಳನ್ನು ಇವತ್ತು ಯಾವ ಯಂತ್ರದ ಪಕ್ಕದಲ್ಲಿಟ್ಟು ನೋಡಿದರೂ ನನ್ನವೇ ಗೆಲ್ಲುತ್ತವೆ.

ನಡುವೆ ಇಲ್ಲಿನ ಚಿರೆಕಲ್ಲಿನಲ್ಲೂ ಕೆತ್ತಿ ನೋಡಿದೆ. ಗಣಿಯಿಂದ ಬಂದ ಹೊಸತರಲ್ಲಿ ಅದು ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಮೈಯೆಲ್ಲ ತೂತು. ನಾಲ್ಕಿಂಚಿನ ಅಂಕಿ ಸರಿಯಾಗಿ ಬಂತು, ಒತ್ತಕ್ಷರ ಬರಲೇ ಇಲ್ಲ. ಆ ಕಲ್ಲನ್ನು ಪೀಠಕ್ಕೆ ಬಳಸಿದೆ.

ತಾರೀಖಿನ ವಿಷಯ. ಹುಡುಗರು ಬರೆದು ಕೊಟ್ಟಿದ್ದರಲ್ಲಿ ಅಂಜದೀವ್ ಕಾಳಗಕ್ಕೂ ಡಿಸೆಂಬರ್ 19 ಅಂತ ಇತ್ತು. 19 ಅಂದರೆ ಪೋರ್ಚುಗೀಸರು ಶರಣಾದ ದಿನ. ನೌಕಾಪಡೆಯವರು ದ್ವೀಪಕ್ಕೆ ಇಳಿದದ್ದು 18ಕ್ಕೆ. ಎರಡು ದಿನ ವಾದ ಮಾಡಿ ತಿದ್ದಿಸಿದೆ. ಪ್ರಾಣ ಕೊಟ್ಟವರ ದಿನವನ್ನು ತಪ್ಪಾಗಿ ಕೆತ್ತೋಕೆ ನನ್ನ ಕೈ ಏಳಲ್ಲ.

ಕೂರಿಸೋಕೆ ಈ ಸಲ ಸುಲಭಕ್ಕೆ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸರಳು, ಎಪಾಕ್ಸಿ ಅಂಟು. ಕೊಂಕಣಿ ಮುಖ ಪೂರ್ವಕ್ಕೆ, ಬೆಳಗಿನ ಓರೆ ಬಿಸಿಲು ಬಿದ್ದಾಗ ಅಕ್ಷರ ಎದ್ದು ಕಾಣುತ್ತವೆ. ಕನ್ನಡದ ಮುಖ ಪಶ್ಚಿಮಕ್ಕೆ ಬಂದದ್ದರಿಂದ ಮಳೆಯ ಹೊಡೆತ ಪೂರ್ತಿ ಅದಕ್ಕೇ, ಅಲ್ಲಿ ಅರ್ಧ ಮಿಲಿಮೀಟರ್ ಜಾಸ್ತಿ ಇಳಿಸಿದ್ದೇನೆ. ಕೆತ್ತಿದ ಮೇಲೆ ಅಕ್ಷರದ ಒಳಗೆ ಒಂದು ವಸ್ತು ತಿಕ್ಕುತ್ತೇನೆ, ಪಾಚಿ ಬೇಗ ಹಿಡಿಯಲ್ಲ. ಅದು ನಮ್ಮ ಮಾವ ಕಲಿಸಿದ್ದು, ಇಲ್ಲಿ ಬರೆಯಲ್ಲ. ನೀರು ನಿಲ್ಲದ ಹಾಗೆ ನೆತ್ತಿಗೆ ಕೊಟ್ಟ ಇಳಿಜಾರಿನ ಲೆಕ್ಕವೂ ನನ್ನಲ್ಲೇ ಇರಲಿ.

ಕೂಲಿ ಬಿಟ್ಟು ಒಟ್ಟು 17-18 ಸಾವಿರ ಬಿದ್ದಿರಬೇಕು. ಹಾಳಾದ 21 ಸಾವಿರದಲ್ಲಿ ಇದನ್ನು ಮೊದಲೇ ಮಾಡಿ ಮುಗಿಸಬಹುದಿತ್ತು.

ಕಳೆದ ವಾರ ಹೋಗಿದ್ದೆ. ತೋಟದ ಅಜ್ಜಿ ತೆಂಗಿನ ನಾರಿನಿಂದ ಕಲ್ಲು ತಿಕ್ಕುತ್ತಿದ್ದರು, ನಾನು ಹೇಳಿಕೊಟ್ಟ ಹಾಗೆ ಬರೀ ನೀರು, ಆ್ಯಸಿಡ್ ಇಲ್ಲ. ಒಂದು ಕೊಡ ನೀರು ಇಸಕೊಂಡು ಮೇಲಿಂದ ಸುರಿದೆ. ಕಲ್ಲು ತೊಯ್ದು ಕಪ್ಪಾಯಿತು. ರಸ್ತೆ ಆಚೆ ಹೋಗಿ ನಿಂತು ಓದಿದೆ, ಎಲ್ಲ 'ಧ'ಗಳೂ ಕಂಡವು.